ಏಣಿಯ ಅಳತೆಗೆ ಒಂದು ಬೈಕು

ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ "ಏಣಿ ಎಲ್ಲಿ ಸಿಗುತ್ತೆ?" ಎಂದು ಕೇಳಿ ನೋಡಿ. ಬಣ್ಣ ಹೊಡೆಯುವವರ ಮನೆ ತೋರಿಸುವುದಿಲ್ಲ. ಸೀದಾ ಟೈಲರ್ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಒಂದು ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯಲ್ಲೊಂದು ಕನ್ನಡಿ. ಬಂದ ಗಿರಾಕಿಗಳಿಗೆಲ್ಲ ಆ ಕನ್ನಡಿಯಲ್ಲಿ ಮುಖ ಕಾಣುತ್ತದೆ. ಟೈಲರಮ್ಮನಿಗೆ ಮಾತ್ರ ಕುತ್ತಿಗೆಯಿಂದ ಕೆಳಗಿನದಷ್ಟೇ ಕಾಣುತ್ತದೆ. ಅಷ್ಟು ಉದ್ದ ಅವಳು.

ಏಣಿ ಅಂತ ಹೆಸರಿಟ್ಟವರು ಶಾಲೆಯ ಗೆಳತಿಯರು. ಮೊದಮೊದಲು ಅತ್ತಳು. ಆಮೇಲೆ ಜುಟ್ಟು ಹಿಡಿದು ಜಗಳವಾಡಿದಳು. ದೊಡ್ಡವಳಾಗಿ ಅಂಗಡಿ ತೆರೆದಾಗ ಬೋರ್ಡಿನ ಮೇಲೇ ದಪ್ಪಕ್ಷರದಲ್ಲಿ ಬರೆಸಿಬಿಟ್ಟಳು: ಏಣಿ ಟೈಲರ್ಸ್. ಅಣಕಿಸುವವರ ಬಾಯಿಗೆ ಅವತ್ತೇ ಬೀಗ ಬಿತ್ತು. ಬೋರ್ಡಿನಲ್ಲೇ ಇರುವುದನ್ನು ಯಾರು ತಾನೇ ಕೂಗಿ ಅಣಕಿಸುತ್ತಾರೆ?

ಪಾಪ, ಅವಳಿಗೆ ಈ ಲೋಕದಲ್ಲಿ ಯಾವುದೂ ಸಾಲುತ್ತಿರಲಿಲ್ಲ ನೋಡಿ. ಮಂಚದಾಚೆ ಪಾದ ಚಾಚಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಮಂಡಿ ಮುಂದಿನ ಸೀಟಿನವರ ಬೆನ್ನಿಗೆ ಚುಚ್ಚುತ್ತಿತ್ತು. ಬಾಗಿಲಿಗೆ ಹಣೆ ಬಡಿಯುತ್ತಿತ್ತು. ಫೋಟೋ ತೆಗೆಯುವವನಂತೂ "ಮೇಡಂ, ಸ್ವಲ್ಪ ಬಗ್ಗಿ" ಎನ್ನದೆ ಬಟನ್ ಒತ್ತಿದ್ದೇ ಇಲ್ಲ. ಹುಟ್ಟಿದಾಗಿನಿಂದ ಅವಳು ಕೇಳಿಸಿಕೊಂಡದ್ದು ಅದೊಂದೇ ಮಾತು. ಬಗ್ಗು, ಬಗ್ಗು, ಇನ್ನೂ ಸ್ವಲ್ಪ ಬಗ್ಗು.

ಇಂಥವಳು ಹೋಗಿ ಹೋಗಿ ಎಂಥ ಬೈಕು ತಂದಳು ಗೊತ್ತೇ?

ಕೆಂಪು ಬಣ್ಣದ ಪುಟಾಣಿ ಸ್ಪೋರ್ಟ್ಸ್ ಬೈಕು. ಕಣ್ಣಿಗೆ ಆಟದ ಸಾಮಾನು. ಸ್ಟಾರ್ಟ್ ಮಾಡಿದರೆ ಮಾತ್ರ ಅಕ್ಕಪಕ್ಕದವರು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಅಪ್ಪಟ ರೇಸಿನ ತಳಿ. ಹ್ಯಾಂಡಲ್ ತಗ್ಗಿನಲ್ಲಿ, ಫುಟ್‌ರೆಸ್ಟ್ ಹಿಂದಕ್ಕೆ ಮತ್ತು ಎತ್ತರಕ್ಕೆ, ಸೀಟು ಮುಂದಕ್ಕೆ ಇಳಿಜಾರು. ಕೂತವರು ಟ್ಯಾಂಕಿನ ಮೇಲೆ ಬೋರಲು ಮಲಗಿದಂತೆಯೇ ಇರಬೇಕು. ಒಂದು ಶಾಲೆಯ ಮಕ್ಕಳಿಗೆಲ್ಲ ಯೂನಿಫಾರ್ಮ್ ಹೊಲಿದು ಆ ದುಡ್ಡಿನಲ್ಲಿ ತಂದದ್ದು. ಮೊದಲ ದಿನ ಅವಳು ಅದರ ಮೇಲೆ ಕೂತಾಗ ಮಂಡಿ ಮೊಣಕೈಗೆ ತಾಗಿತು, ಹೆಲ್ಮೆಟ್ಟು ಬೈಕಿನ ಮುಂಗಾಜಿನಾಚೆ ನೆಗೆದು ನಿಂತಿತು. ಇಡೀ ಬೀದಿ ಬಿದ್ದು ಬಿದ್ದು ನಕ್ಕಿತು.

"ಏನಮ್ಮಾ ಏಣಿ, ಸರ್ಕಸ್ ಕರಡಿ ಸೈಕಲ್ ಹೊಡ್ದಂಗಿದೆ," ಎಂದ ಎದುರಿನ ಗ್ಯಾರೇಜಿನ ಮೆಕ್ಯಾನಿಕ್. ಬೀದಿಗೆಲ್ಲ ಅವನು ಮಾಮ. ಕೈಯಲ್ಲಿ ಸ್ಪ್ಯಾನರ್, ನಾಲಿಗೆ ಅದಕ್ಕಿಂತ ಗಟ್ಟಿ. "ನಿನ್ ಅಳತೆಗೆ ದೊಡ್ಡ ಬೈಕ್ ತಗೋಬಾರ್ದಿತ್ತಾ?"

"ದೊಡ್ಡದು ಓಡಿಸಿ ನೋಡಿದೀನಿ ಮಾಮ. ತಿರುಗು ಅಂದ್ರೆ ಯೋಚನೆ ಮಾಡಿ ತಿರುಗುತ್ತೆ. ಇದು ನನ್ ಕಣ್ಣು ಹೋದ ಕಡೆ ಹೋಗುತ್ತೆ."

"ಕಣ್ ಹೋಗುತ್ತೆ, ಸೊಂಟಾನೂ ಹೋಗುತ್ತೆ!"

ಮಾಮನ ಬಾಯಿ ಸುಳ್ಳಾಗಲಿಲ್ಲ. ಊರಾಚೆ ವಿಮಾನ ಇಳಿಯುವುದು ಎಂದೋ ನಿಂತುಹೋದ ಉದ್ದನೆಯ ರನ್‌ವೇ ಇದೆ. ಬೈಕಿನ ಹುಚ್ಚಿನವರು ಅಲ್ಲಿ ಹಳೇ ಟೈರು ಜೋಡಿಸಿ, ತಿರುವು ಮಾಡಿ, ಆಗಾಗ ರಜೆಯ ಬೆಳಗ್ಗೆ ಓಡಿಸುತ್ತಾರೆ. ಏಣಿಯೂ ಹೋದಳು. ಶುರುವಿನಲ್ಲಿ ಹಕ್ಕಿಯಂತೆ ಹಾರಿದಳು. ಬರಬರುತ್ತಾ ಕಾಲು ಹಿಡಿದುಕೊಂಡಿತು, ಬೈಕು ನಿಲ್ಲಿಸಿದರೆ ಇಳಿಯಲು ಆಗುತ್ತಿಲ್ಲ! ಮಾಮ ಒಂದು ಕಡೆ, ಅವಳ ತಮ್ಮ ಇನ್ನೊಂದು ಕಡೆ ಹಿಡಿದು, ಮನೆ ಬದಲಾಯಿಸುವವರು ಸೋಫಾ ಇಳಿಸಿದ ಹಾಗೆ ಅವಳನ್ನು ಇಳಿಸಿದರು. ಯಾರೋ ಪುಣ್ಯಾತ್ಮರು ಅದರ ಫೋಟೋ ಬೇರೆ ಹೊಡೆದರು.

ಕಾಲಿನ ಕಥೆ ಹೇಗೋ ಆಯಿತು. ಕೈಯದೇ ದೊಡ್ಡ ಕಥೆ. ಮೈಯ ಭಾರವೆಲ್ಲ ಅಂಗೈ ಮೇಲೆ ಬಿದ್ದು ಬೆರಳು ಜೋಮು ಹಿಡಿದದ್ದು ಮರುದಿನವೂ ಬಿಡಲಿಲ್ಲ. ಗಿರಾಕಿಯೊಬ್ಬರ ಕೋಟಿನ ತೋಳು ಹೊಲಿಯುತ್ತಿದ್ದಾಗ ಬಟ್ಟೆ ಜಾರಿ, ಸೂಜಿ ಮುರಿದು, ಹೊಲಿಗೆ ಸೊಟ್ಟಗೆ ಓಡಿತು. ಆ ಮೆಷಿನ್ನಿನ ಮೇಲೆ ಅವಳ ಹೊಲಿಗೆ ಎಂದೂ ಸೊಟ್ಟಗಾಗಿರಲಿಲ್ಲ. ಒಳಗೆ ತರಕಾರಿ ಹೆಚ್ಚುತ್ತಿದ್ದ ಅಮ್ಮನಿಗೆ ಮೆಷಿನ್ನಿನ ಸದ್ದು ಕಡಿದದ್ದು ಕೇಳಿಸಿತು. ಈಳಿಗೆ ಮಣೆ ಬಿಟ್ಟು ಎದ್ದು ಬಂದಳು.

"ಕೈ ಬೇಕೋ, ಬೈಕ್ ಬೇಕೋ? ಒಂದು ಹೇಳು."

"ಎರಡೂ ಬೇಕು."

"ಎರಡೂ ಬೇಕಂತೆ! ಈ ಮನೆ ನಡೀತಿರೋದು ಆ ಕೈಯಿಂದ ಕಣೇ."

ಬಾಗಿಲಲ್ಲಿ ನಿಂತಿದ್ದ ತಮ್ಮ ಇದೇ ಸಮಯ ಎಂದು ಬಾಯಿ ಹಾಕಿದ. ಅವನು ಕುಳ್ಳ, ಚುರುಕು, ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಬೈಕು ಬಂದ ದಿನದಿಂದ ಅದರ ಸುತ್ತ ಸುಳಿದಾಡುತ್ತಿದ್ದ.

"ಅಕ್ಕಾ, ಬೇಜಾರ್ ಮಾಡ್ಕೋಬೇಡ. ಬೈಕ್ ನಂಗ್ ಕೊಟ್ಬಿಡು. ನಾನ್ ಕೂತ್ರೆ ನೀನೇ ನೋಡಿದೀಯಲ್ಲ, ಅಳತೆ ಕೊಟ್ಟು ಹೊಲಿಸ್ದಂಗಿರುತ್ತೆ."

ಬೇರೆ ಯಾವ ಮಾತು ಆಡಿದ್ದರೂ ಅವಳು ಸುಮ್ಮನಿರುತ್ತಿದ್ದಳೇನೋ. ಟೈಲರಮ್ಮನ ಮುಂದೆ ಈ ಮಾತು ಆಡಬಹುದೇ?

"ಅಳತೆ ಕೊಟ್ಟು ಹೊಲಿಸಿದ್ದಾ? ಯಾರಿಗೋ ಮಾಡಿದ್ದು ನಿಂಗೆ ಹೇಗೋ ಸರಿಹೋಯ್ತು, ಅಷ್ಟೆ. ಅದು ರೆಡಿಮೇಡ್ ಕಣೋ! ರೆಡಿಮೇಡ್ ಆಗ್ದಿದ್ರೆ ಜನ ಏನ್ ಮಾಡ್ತಾರೆ? ಕೈಕಾಲು ಕತ್ತರಿಸ್ಕೋತಾರಾ? ನನ್ ಹತ್ರ ತರ್ತಾರೆ. ಬಿಚ್ಚಿ ಹೊಲಿಸ್ಕೋತಾರೆ. ನಾನೂ ಅದನ್ನೇ ಮಾಡ್ತೀನಿ. ನನ್ ಮೈ ಇರೋದು ಇಷ್ಟೇ ಉದ್ದ. ಬೈಕ್ ಬದಲಾಗ್ಲಿ."

ಅಮ್ಮ ಅವಳ ಮುಖ ನೋಡಿದಳು, ಮುರಿದ ಸೂಜಿ ನೋಡಿದಳು. ಆಮೇಲೆ ತೀರ್ಪು ಕೊಟ್ಟಳು. "ಸರಿ. ಮುಂದಿನ ಸಲ ರನ್‌ವೇಲಿ ಓಡ್ಸೋವಾಗ ನಾನೂ ಬರ್ತೀನಿ. ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಎಲ್ಲರ ಜೊತೆ ಓಡ್ಸು. ನೀನೇ ಇಳೀಬೇಕು, ಯಾರೂ ಹಿಡೀಬಾರ್ದು. ಇಳಿದ ಜಾಗದಲ್ಲೇ ನಿಂತು ಸೂಜಿಗೆ ದಾರ ಪೋಣಿಸ್ಬೇಕು. ಪೋಣಿಸಿದ್ರೆ ಬೈಕ್ ನಿಂದು, ಮತ್ತೆ ನಾನ್ ಬಾಯಿ ಬಿಡಲ್ಲ. ಇಲ್ಲಾಂದ್ರೆ ಕೀ ತಮ್ಮನಿಗೆ."

"ಆಯ್ತು," ಎಂದಳು ಏಣಿ.

"ಆಯ್ತು," ಎಂದ ತಮ್ಮ ಅವಳಿಗಿಂತ ಬೇಗ.

ಕೆಲಸ ಶುರುವಾಯಿತು. ಸೀಟು ಬಿಚ್ಚಿಕೊಡು ಎಂದು ಗ್ಯಾರೇಜಿಗೆ ಹೋದರೆ ಮಾಮ ತಲೆ ಅಲ್ಲಾಡಿಸಿದ.

"ಕಂಪನಿಯವ್ರು ಲೆಕ್ಕ ಹಾಕಿ ಮಾಡಿರ್ತಾರಮ್ಮಾ. ಅದ್ರಲ್ಲಿ ಕೈ ಹಾಕ್ಬಾರ್ದು."

"ಯಾರ ಮೈ ನೋಡಿ ಲೆಕ್ಕ ಹಾಕಿದ್ರು?"

"ಅದ್... ಯಾರದೋ ಒಂದು."

"ನಂದಲ್ಲ ತಾನೇ? ಬಿಚ್ಚು ಮಾಮ."

ಸೀಟಿನ ಕವರು ಸುಲಿದರೆ ಒಳಗೆ ಎರಡು ಬೆರಳು ದಪ್ಪದ ಸ್ಪಂಜು. ಏಣಿ ಟೇಪು ತೆಗೆದುಕೊಂಡು ಕನ್ನಡಿಯ ಮುಂದೆ ನೆಟ್ಟಗೆ ನಿಂತಳು. ಸೊಂಟದಿಂದ ಮಂಡಿ, ಮಂಡಿಯಿಂದ ಹಿಮ್ಮಡಿ, ಪ್ಯಾಂಟಿಗೆ ತೆಗೆಯುವ ಹಾಗೆ ಅಚ್ಚುಕಟ್ಟಾಗಿ ಅಳತೆ ತೆಗೆದಳು. ಮಂಡಿ ಮಡಚಿಕೊಳ್ಳುವುದೇ ತೊಂದರೆ ಅಲ್ಲವೇ, ಹಾಗಾದರೆ ಸೀಟು ಎತ್ತರವಾಗಬೇಕು ಎಂದು ತೀರ್ಮಾನಿಸಿದಳು. ಹಳೇ ಸೋಫಾದ ಮೆತ್ತನೆಯ ಸ್ಪಂಜು ತಂದು ಪದರದ ಮೇಲೆ ಪದರ ಅಂಟಿಸಿದಳು. ಮೇಲೆ ಚೆಂದದ ಕವರು ಹೊಲಿದಳು. ನೋಡಲು ಸಿಂಹಾಸನ.

ಕೂತು ಬೀದಿ ದಾಟಿದಳು, ಆಹಾ, ಮಂಡಿಗೆ ಸ್ವರ್ಗ! ಮುಖ್ಯ ರಸ್ತೆ ಸೇರುವಷ್ಟರಲ್ಲಿ ಬಣ್ಣ ಬಯಲಾಯಿತು. ಕೂತ ಜಾಗ ಎತ್ತರವಾಯಿತು, ಹ್ಯಾಂಡಲ್ ಇದ್ದಲ್ಲೇ ಇತ್ತು. ಈಗ ಅವಳು ಮೊದಲಿಗಿಂತ ಹೆಚ್ಚು ಮುಂದಕ್ಕೆ ಬಾಗಬೇಕು, ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಮೆತ್ತನೆಯ ಸ್ಪಂಜು ಬೇರೆ ಅಪ್ಪಚ್ಚಿಯಾಗಿ, ಪ್ರತಿ ಬ್ರೇಕಿಗೂ ಅವಳು ಜಾರಿ ಟ್ಯಾಂಕಿಗೆ ಬಡಿಯುತ್ತಿದ್ದಳು. ವಾಪಸು ಬಂದಾಗ ಬೆರಳು ಬಿಡಿಸಲು ಇನ್ನೊಂದು ಕೈ ಬೇಕಾಯಿತು.

"ಸೋಫಾ ಹೋಗಿ ಜಾರುಬಂಡೆ ಆಯ್ತು," ಎಂದ ಮಾಮ.

ತಮ್ಮನಿಗೆ ಬೇರೆಯದೇ ಕೆಲಸ. ಪಕ್ಕದಲ್ಲಿ ನಿಂತು ಬೈಕಿನ ಕನ್ನಡಿಯನ್ನು ತನ್ನ ಎತ್ತರಕ್ಕೆ ಸರಿಮಾಡಿ ನೋಡುತ್ತಿದ್ದ. ಏಣಿ ಅವನ ಕೈ ಮೇಲೆ ಒಂದು ಕೊಟ್ಟಳು.

ಎಲ್ಲಿ ತಪ್ಪಿತು ಎಂದು ತಲೆ ಕೆಡಿಸಿಕೊಂಡೇ ದಿನ ಕಳೆದಳು. ಆಗ ಅಂಗಡಿಗೆ ಬಂದವನು ಬಸ್ ಡ್ರೈವರ್. ಹಳೇ ಗಿರಾಕಿ, ದೊಡ್ಡ ಹೊಟ್ಟೆ, ದೊಡ್ಡ ನಗು. ಹೊಸ ಪ್ಯಾಂಟಿನ ಬಟ್ಟೆ ತಂದಿದ್ದ. ಏಣಿ ಎಂದಿನಂತೆ ಟೇಪು ಬಿಡಿಸುತ್ತ ಸ್ಟೂಲು ಎಳೆದಳು.

"ಕೂತ್ಕೊಳ್ಳಿ ಅಣ್ಣ, ಅಳತೆ..."

ಅವಳು ಟೇಪು ಬಿಟ್ಟು ಸ್ಟೂಲನ್ನೇ ದಿಟ್ಟಿಸಿದಳು.

"ಏನಮ್ಮಾ ಟೈಲರಮ್ಮ, ಹೊಟ್ಟೆ ನೋಡಿ ಗಾಬರಿ ಆಯ್ತಾ?"

"ಅಲ್ಲ ಅಣ್ಣ. ನಿಮ್ಮನ್ನ ನಾನ್ ಯಾವಾಗ್ಲೂ ಕೂರಿಸಿ ಅಳತೆ ತಗೊಳ್ತೀನಿ, ಅಲ್ವಾ?"

"ಮತ್ತೆ? ನಿಂತ್ಕೊಂಡು ಬಸ್ ಓಡಿಸ್ತೀನಾ? ನಿಲ್ಸಿ ಅಳೆದು ಹೊಲಿದವ್ರ ಪ್ಯಾಂಟೆಲ್ಲ ಹಿಂದೆ ಜಾರಿ, ಹತ್ತೋ ಜನಕ್ಕೆ ಪುಕ್ಕಟೆ ದರ್ಶನ. ಅದಕ್ಕೇ ತಾನೇ ನಿನ್ ಹತ್ರ ಬರೋದು!"

ಡ್ರೈವರುಗಳಿಗೆ ಕೂರಿಸಿ ಅಳೆಯಬೇಕು. ಕೂತಾಗ ಬೆನ್ನು ಉದ್ದವಾಗುತ್ತದೆ, ಮುಂದಿನ ಭಾಗ ಗಿಡ್ಡವಾಗುತ್ತದೆ. ಈ ಅಂಗಡಿಗೆ ಹೆಸರು ಬಂದದ್ದೇ ಆ ಕೆಲಸದಿಂದ. ಆದರೆ ತನ್ನ ಸರದಿ ಬಂದಾಗ ಟೈಲರಮ್ಮ ಮಾಡಿದ್ದೇನು? ಕನ್ನಡಿ ಮುಂದೆ ನೆಟ್ಟಗೆ ನಿಂತು, ನಿಂತ ಹೆಂಗಸಿಗೆ ಸೀಟು ಹೊಲಿದಿದ್ದಳು!

ಡ್ರೈವರ್ ಅತ್ತ ಹೋದದ್ದೇ ತಡ, ಅವಳು ಕತ್ತರಿಸುವ ಮೇಜಿನ ಮೇಲೆ ಎರಡು ದಿಂಬು ಪೇರಿಸಿ ಅದರ ಮೇಲೆ ಕವುಚಿ ಮಲಗಿದಳು. ಮುಂದೆ ಇಸ್ತ್ರಿಪೆಟ್ಟಿಗೆ ಎರಡು ಇಟ್ಟು ಹ್ಯಾಂಡಲಿನಂತೆ ಹಿಡಿದಳು. ಕಾಲು ಮಡಚಿ ಹಿಂದಿನ ಸ್ಟೂಲಿನ ಮೇಲಿಟ್ಟಳು.

"ಅಮ್ಮಾ! ಬಾ ಇಲ್ಲಿ. ಟೇಪ್ ಹಿಡಿ."

ಅಮ್ಮ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. "ಇದೇನೇ ಇದು, ಕಪ್ಪೆ ಥರ?"

"ಅಳತೆ ತಗೋ. ಸೊಂಟದಿಂದ ಮಣಿಕಟ್ಟು. ಆಮೇಲೆ ಸೊಂಟದಿಂದ ಮಂಡಿ."

"ನಾನ್ ಯಾಕ್ ತಗೊಳ್ಲಿ? ಷರತ್ತು ಹಾಕಿದವಳೇ ನಾನು."

"ಬೇರೆ ಯಾರಿದಾರೆ ಹೇಳು. ನಿನ್ ಮಗ ತಗೊಂಡ್ರೆ ಅವನಿಗೆ ಬೇಕಾದಷ್ಟೇ ಬರೀತಾನೆ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಟೇಪು ಹಿಡಿದಳು. ಅವಳು ಮಗಳನ್ನು ಅಳೆದು ಎಷ್ಟೋ ವರ್ಷವಾಗಿತ್ತು. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರಕ್ಕೆ ಪೆನ್ಸಿಲ್ಲಿನಲ್ಲಿ ಎಳೆದ ಗೆರೆಗಳಿವೆ. ತಮ್ಮನ ಗೆರೆಗಳು ಅವನ ಮೀಸೆ ಬರುವವರೆಗೂ ಹೋಗಿವೆ. ಏಣಿಯವು ಅಮ್ಮನ ಭುಜದ ಮಟ್ಟಕ್ಕೇ ನಿಂತುಹೋಗಿವೆ. ಆಮೇಲೆ ಗೆರೆ ಎಳೆಯಲು ಅಮ್ಮನಿಗೆ ಮನಸ್ಸು ಬರಲಿಲ್ಲ. ಹುಡುಗಿ ಹೀಗೇ ಬೆಳೆದರೆ ಜನ ಏನಂತಾರೋ ಎಂಬ ಅಳುಕು.

ಈಗ ಟೇಪು ಬೆನ್ನಿನ ಮೇಲೆ ಓಡುತ್ತಾ ಹೋಯಿತು, ಹೋಗುತ್ತಲೇ ಇತ್ತು.

"ಎಷ್ಟು ಉದ್ದ ಇದೀಯೇ," ಎಂದಳು ಅಮ್ಮ ಮೆಲ್ಲಗೆ.

"ಬೇಜಾರಾ?"

"ಅಲ್ಲ. ಸರಿಯಾಗಿ ನೋಡೇ ಇರ್ಲಿಲ್ಲ ನಾನು. ಸುಮ್ನೆ ಮಲಕ್ಕೋ, ಅಲ್ಲಾಡಿದ್ರೆ ಅಳತೆ ತಪ್ಪುತ್ತೆ."

ಬಾಗಿದ ಮೈಯ ಅಳತೆ ಬೇರೆಯೇ ಮಾತು ಹೇಳಿತು. ಸೀಟು ತೀರಾ ಎತ್ತರವಾಗಬೇಕಿರಲಿಲ್ಲ. ಹಿಂದಕ್ಕೆ ಹೋಗಬೇಕಿತ್ತು. ಏಣಿ ಸಿಂಹಾಸನವನ್ನು ಕಿತ್ತೆಸೆದಳು. ಒತ್ತಿದರೂ ಬಗ್ಗದ ಗಟ್ಟಿ ಸ್ಪಂಜು ತಂದು ಚಾಕುವಿನಿಂದ ಕೆತ್ತಿದಳು. ಸೀಟಿನ ಹಿಂದಿದ್ದ ದಿಣ್ಣೆಯನ್ನು ಕೊರೆದು ಸೊಂಟಕ್ಕೆ ಜಾಗ ಮಾಡಿದಳು, ಮುಂದಿನ ಇಳಿಜಾರನ್ನು ತುಂಬಿ ಸಮ ಮಾಡಿದಳು. ಅಂಟಿಸಿದಳು, ಕೂತಳು, ಬಯ್ದಳು, ಮತ್ತೆ ಕೆತ್ತಿದಳು. ಕೊನೆಗೆ ಜಾರದ ಒರಟು ರೆಕ್ಸಿನ್ನಿನ ಕವರು ಹೊಲಿದು, ಅದರ ಹಿಂಬದಿಗೆ, ಹಿಂದೆ ಬರುವವರ ಕಣ್ಣಿಗೆ ಕುಕ್ಕುವ ಹಾಗೆ, ಕೆಂಪು ದಾರದಲ್ಲಿ ಒಂದು ಪುಟ್ಟ ಏಣಿಯ ಚಿತ್ರ ಹಾಕಿದಳು.

ಮಾಮ ಆ ಸೀಟು ನೋಡಿ ಬೆರಳಿನಿಂದ ಒತ್ತಿದ, ಗೊಣಗಿದ, ಆಮೇಲೆ ತಾನೇ ಸ್ಪ್ಯಾನರ್ ಎತ್ತಿಕೊಂಡ.

"ಹ್ಯಾಂಡಲ್ ಸ್ವಲ್ಪ ಎತ್ತರ ಮಾಡ್ತೀನಿ, ಕೇಬಲ್ ಎಳೀದಷ್ಟು ಮಾತ್ರ. ಫುಟ್‌ರೆಸ್ಟ್ ಒಂದು ಬೆರಳು ಇಳಿಸ್ತೀನಿ. ಅದಕ್ಕಿಂತ ಇಳಿಸಲ್ಲ, ಕೇಳ್ಬೇಡ."

"ಯಾಕೆ?"

"ಇಳಿಸಿದಷ್ಟೂ ತಿರುವಲ್ಲಿ ನೆಲ ಕೆರೆಯುತ್ತೆ. ಜೋರಾಗಿ ಕೆರೆದ್ರೆ ಚಕ್ರ ಎತ್ಕೊಳ್ಳುತ್ತೆ, ನೀನ್ ಒಂದ್ಕಡೆ, ಬೈಕ್ ಒಂದ್ಕಡೆ."

"ಹಂಗಾದ್ರೆ ಬೈಕನ್ನ ಕಮ್ಮಿ ಮಲಗಿಸ್ತೀನಿ, ನಾನೇ ಜಾಸ್ತಿ ಮಲಗ್ತೀನಿ. ಒಳಗಡೆಗೆ ಇಳಿದು ತೂಗಾಡೋಕೆ ಉದ್ದ ಇದೆಯಲ್ಲ ಮೈ."

ಮಾಮ ಅವಳನ್ನೇ ನೋಡಿದ. "ಬಾಯಿಗೇನೂ ಕಮ್ಮಿ ಇಲ್ಲ. ಇನ್ನೊಂದ್ ಮಾತು. ಸೀಟ್ ಎಷ್ಟೇ ಚೆನ್ನಾಗಿರ್ಲಿ, ಕೈ ಮೇಲೆ ಬಿದ್ಕೊಂಡ್ರೆ ಕೈ ಸಾಯುತ್ತೆ. ಮಂಡೀಲಿ ಟ್ಯಾಂಕ್ ಅಪ್ಕೋ. ಹ್ಯಾಂಡಲ್ ಹಿಡಿಯೋದು ಹಕ್ಕಿಮರಿ ಹಿಡ್ದಂಗಿರ್ಬೇಕು."

ಅವತ್ತಿನಿಂದ ಏಣಿ ಮೆಷಿನ್ ತುಳಿಯುವಾಗಲೂ ಮಂಡಿಗಳ ನಡುವೆ ದಿಂಬು ಒತ್ತಿಕೊಂಡು ಕೂತಳು. ಗಿರಾಕಿಗಳು ವಿಚಿತ್ರವಾಗಿ ನೋಡಿದರು. ನೋಡಿಕೊಳ್ಳಲಿ.

ಆ ರಜೆಯ ಬೆಳಗ್ಗೆ ರನ್‌ವೇ ಮೇಲೆ ಬಿಸಿಲು ಇನ್ನೂ ಎಳೆಯದಾಗಿತ್ತು. ಅಮ್ಮ ಮಡಚುವ ಕುರ್ಚಿ ತಂದು ನೆರಳಲ್ಲಿ ಹಾಕಿಕೊಂಡಿದ್ದಳು. ಸೆರಗಿಗೆ ಸೂಜಿ ಚುಚ್ಚಿಕೊಂಡಿದ್ದಳು, ಇದ್ದುದರಲ್ಲೇ ಸಣ್ಣ ಕಣ್ಣಿನ ಸೂಜಿ. ತಮ್ಮ ಸ್ನೇಹಿತನ ಹೆಲ್ಮೆಟ್ಟು ಕಡ ತಂದಿದ್ದ. ಕೀ ಕೈಗೆ ಬಂದ ಕೂಡಲೇ ಒಂದು ಸುತ್ತು ಹೊಡೆಯಲು.

"ಫೋಟೋ ಹೊಡೆಯೋರು ಯಾರೂ ಇಲ್ವಾ ಇವತ್ತು?" ಎಂದು ಯಾರೋ ಕೂಗಿದರು.

"ಇರಿ, ಇಳಿಯೋವಾಗ ಹೊಡೀರಿ," ಎಂದು ಏಣಿ ತಿರುಗಿ ಕೂಗಿ ಹೆಲ್ಮೆಟ್ಟು ಹಾಕಿಕೊಂಡಳು.

ಮೊದಲ ಸುತ್ತುಗಳಲ್ಲಿ ಅವಳು ಯಾರ ಹಿಂದೆಯೂ ಬೀಳಲಿಲ್ಲ. ಸೊಂಟ ಹಿಂದಿನ ಕೆತ್ತನೆಯಲ್ಲಿ ಕೂತಿತ್ತು, ಬ್ರೇಕು ಹಿಡಿದರೂ ಜಾರಲಿಲ್ಲ. ಅಂಗೈ ಹಗುರ. ಆಹಾ ಎಂದುಕೊಂಡು ಬಲಗಡೆಯ ದೊಡ್ಡ ತಿರುವಿಗೆ ಬೈಕು ಮಲಗಿಸಿದಳು ನೋಡಿ, ಕರ್ರ್ ಎಂದು ಫುಟ್‌ರೆಸ್ಟು ನೆಲ ಕೆರೆಯಿತು. ಬೆರಳುಗಳು ಗಬಕ್ಕನೆ ಹ್ಯಾಂಡಲ್ ಹಿಸುಕಿದವು. ಅದರ ಮುಂದಿನ ತಿರುವಿನಲ್ಲೂ ಅದೇ ಹೆದರಿಕೆ, ಅದೇ ಹಿಸುಕುವಿಕೆ. ಇಬ್ಬರು ಅವಳನ್ನು ದಾಟಿ ಮುಂದೆ ಹೋದರು. ಕಿರುಬೆರಳಿನ ತುದಿಯಲ್ಲಿ ಹಳೇ ಜೋಮು ಜುಮ್ ಎಂದಿತು.

ಹೀಗೇ ಆದರೆ ಕೀ ಹೋಯಿತು. ಅವಳಿಗೆ ಸಿಟ್ಟು ಬಂತು. ಬೈಕಿನ ಮೇಲಲ್ಲ, ಕುಗ್ಗಿದ ತನ್ನ ಮೈ ಮೇಲೆ. ತಿರುವು ಬರುವ ಮೊದಲೇ ಸೊಂಟ ಜರುಗಿಸಿದಳು, ಭುಜ ಇಳಿಸಿದಳು, ಪ್ರತಿ ಫೋಟೋದಲ್ಲೂ ಮುದುಡಿ ಬಚ್ಚಿಟ್ಟಿದ್ದ ಆ ಉದ್ದವನ್ನೆಲ್ಲ ಬಿಚ್ಚಿ ಒಳಗಡೆಗೆ ಚಾಚಿದಳು. ಹೊರಗಿನ ತೊಡೆ ಟ್ಯಾಂಕನ್ನು ಅಪ್ಪಿ ಹಿಡಿದಿತ್ತು. ಬೈಕು ಅರೆಮಲಗಿತು, ಅವಳು ಪೂರ್ತಿ ಮಲಗಿದಳು. ಕೆರೆಯುವ ಸದ್ದು ಬರಲಿಲ್ಲ. ಅವಳ ಮಂಡಿ ಮಾತ್ರ ನೆಲಕ್ಕೆ ಕೈಮುಗಿಯುವಷ್ಟು ಹತ್ತಿರ ಹೋಗಿ ಬಂತು.

"ಅಬ್ಬಬ್ಬಾ," ಎಂದ ಮಾಮ ರನ್‌ವೇ ಅಂಚಿನಲ್ಲಿ. "ಬೈಕ್‌ಗಿಂತ ಇವಳೇ ಅಗಲ ಕಾಣ್ತಾಳಲ್ಲ!"

ದಾಟಿ ಹೋಗಿದ್ದ ಇಬ್ಬರಿಗೂ ಸ್ವಲ್ಪ ಹೊತ್ತಿನಲ್ಲೇ ಕೆಂಪು ದಾರದ ಏಣಿ ಕಾಣಿಸಿತು, ಮುಂದೆ.

ಊಟದ ಹೊತ್ತಿಗೆ ಸೀಟಿ ಊದಿದರು. ಏಣಿ ಅಮ್ಮನ ಕುರ್ಚಿಯ ಮುಂದೆಯೇ ಬಂದು ಸ್ಟ್ಯಾಂಡು ಹಾಕಿದಳು. ಮಾಮ ಅಭ್ಯಾಸಬಲದಿಂದ ಕೈ ಚಾಚಿದ.

"ಮುಟ್ಬೇಡ ಮಾಮ!"

ಒಂದು ಕಾಲು ಎತ್ತಿದಳು. ತೊಡೆ ನಡುಗಿತು, ಕುತ್ತಿಗೆ ಹಿಡಿದಿತ್ತು, ಅದನ್ನೇಕೆ ಮುಚ್ಚಿಡಬೇಕು. ಆದರೂ ಕಾಲು ದಾಟಿತು, ನೆಲ ಮುಟ್ಟಿತು. ಅವಳು ನೆಟ್ಟಗೆ ನಿಂತಳು. ಹೆಲ್ಮೆಟ್ಟು ತೆಗೆದಾಗ ಸುತ್ತ ನಿಂತವರೆಲ್ಲ ಕತ್ತೆತ್ತಿ ನೋಡಬೇಕಾಯಿತು.

ಅಮ್ಮ ಸೆರಗಿನಿಂದ ಸೂಜಿ ಕಿತ್ತು ದಾರದ ಜೊತೆ ಕೊಟ್ಟಳು.

ಮೊದಲ ಸಲ ದಾರ ಕಣ್ಣಿನ ಪಕ್ಕಕ್ಕೆ ಹೋಯಿತು. ತಮ್ಮ ಹಾಕಿಕೊಳ್ಳಲೆಂದು ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದ. ಎರಡನೆಯ ಸಲ ದಾರದ ತುದಿ ಸೀಳಿತು.

"ಕೈ ನಡುಗ್ತಿದೆ," ಎಂದರು ಯಾರೋ.

"ಕೈ ಅಲ್ಲ, ಗಾಳಿ," ಎಂದಳು ಏಣಿ. ಸೀಳಿದ ತುದಿಯನ್ನು ಹಲ್ಲಿನಿಂದ ಕಡಿದು ಉಗಿದು, ಗಾಳಿಗೆ ಬೆನ್ನು ಮಾಡಿ, ಸೂಜಿಯನ್ನು ಆಕಾಶಕ್ಕೆ ಹಿಡಿದಳು. ದಾರ ಒಳಗೆ ಹೋಗಿ ಆಚೆ ಬಂತು. ಅಷ್ಟಕ್ಕೇ ಬಿಡಲಿಲ್ಲ ಅವಳು. ತಮ್ಮನನ್ನು ಹತ್ತಿರ ಎಳೆದು, ಅವನ ಅಂಗಿಯಲ್ಲಿ ಸಡಿಲವಾಗಿ ನೇತಾಡುತ್ತಿದ್ದ ಗುಂಡಿಯನ್ನು ಅಲ್ಲೇ ನಿಂತು ಭದ್ರವಾಗಿ ಹೊಲಿದು ದಾರ ಕಡಿದಳು.

ಅಮ್ಮ ಕುರ್ಚಿ ಮಡಚಿದಳು. "ಮನೆಗೆ ನಡೀರಿ. ಆ ಚೌಕಟ್ಟಿನ ಮೇಲೆ ಒಂದು ಗೆರೆ ಎಳೆಯೋದಿದೆ. ಯಾರಾದ್ರೂ ಸ್ಟೂಲ್ ಹಿಡ್ಕೊಳ್ಳಿ ನಂಗೆ."

ತಮ್ಮ ಹೊಲಿದ ಗುಂಡಿ ಸವರಿಕೊಂಡು ತಲೆ ಕೆರೆದ. "ಅಕ್ಕಾ, ಸೋತೆ, ಒಪ್ಕೊಂಡೆ. ಒಂದೇ ಒಂದು ಸುತ್ತು ಹೊಡಿಲಾ? ಹೆಲ್ಮೆಟ್ ಬೇರೆ ಕಡ ತಂದಿದೀನಿ."

"ಹತ್ತು."

ಅವನು ಉತ್ಸಾಹದಿಂದ ಹಾರಿ ಕೂತ. ಹಿಂದಕ್ಕೆ ಹೋದ ಸೀಟಿನಿಂದ ಹ್ಯಾಂಡಲಿಗೆ ಕೈ ಚಾಚಿದರೆ ಬೆರಳ ತುದಿ ಮಾತ್ರ ತಾಗಿತು. ಕಾಲು ಇಳಿಬಿಟ್ಟ, ನೆಲ ಸಿಗಲಿಲ್ಲ. ಹೆಬ್ಬೆರಳ ಮೇಲೆ ನಿಂತ, ಬೈಕು ನಿಧಾನವಾಗಿ ವಾಲತೊಡಗಿತು.

"ಅಕ್ಕಾ! ಹಿಡಿ, ಹಿಡಿ, ಹಿಡಿ!"

ಏಣಿ ಒಂದೇ ಕೈಯಲ್ಲಿ ಬೈಕನ್ನು ತಡೆದು ನಿಲ್ಲಿಸಿದಳು. ಕ್ಯಾಮೆರಾ ಹಿಡಿದವನು ಈ ಸಲವೂ ಬಂದಿದ್ದ. "ಎಲ್ಲರೂ ಒಟ್ಟಿಗೆ ಬರ್ಲಿ," ಎನ್ನುತ್ತ ಅವಳ ಕಡೆ ನೋಡಿದ. "ಮೇಡಂ, ಸ್ವಲ್ಪ..."

"ಹಿಂದೆ ಹೋಗಿ ತೆಗಿ," ಎಂದಳು ಏಣಿ.

ಅವನು ಹಿಂದಕ್ಕೆ ಹೋದ. ಇನ್ನೂ ಹಿಂದಕ್ಕೆ, ಅವಳು ಪೂರ್ತಿ ಹಿಡಿಸುವವರೆಗೂ.